ಜೀರ್ಣೋದ್ಧಾರವೋ, ವಿಸರ್ಜನೆಯೋ?

ಮನೆಯ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಅಂಗಡಿಬೀದಿಯಲ್ಲಿ ಆಪರೇಟಿಂಗ್ ಸಿಸ್ಟಂ ಎಂದು ಕರೆಯುವುದನ್ನು, ಹೊಸದಕ್ಕೆ ಏರಿಸಬೇಕೆ, ಇದ್ದುದನ್ನೇ ಇಟ್ಟುಕೊಳ್ಳಬೇಕೆ, ಅಥವಾ ಯಂತ್ರವನ್ನೇ ತೆಗೆದುಹಾಕಿ ಬೇರೊಂದನ್ನು ಕೊಳ್ಳಬೇಕೆ ಎಂಬ ಪ್ರಶ್ನೆಯು ನಮ್ಮ ಶ್ರೀನಗರ, ಹನುಮಂತನಗರ, ಬನಶಂಕರಿ ಪ್ರಾಂತಗಳ ವಿದ್ಯಾವಂತ ಕುಟುಂಬಗಳಲ್ಲಿ ಎದ್ದಿದೆ. ಇದು ಅಂಗಡಿಯವನಿಗೂ ಮನೆಯ ಹುಡುಗರಿಗೂ ಬಿಡತಕ್ಕ ಕ್ಷುಲ್ಲಕ ವಿಷಯವೆಂದು ಕೆಲವರು ಎಣಿಸಿರುವರು. ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ಮತ್ತೆ ಕೆಲವರು ಹುಬ್ಬು ಗಂಟಿಕ್ಕಿಯಾರು. ಆದರೆ ಈ ಕಾಲದ ಕನ್ನಡ ಬರಹಗಾರನ ಹಸ್ತಪ್ರತಿಯು ಓಲೆಗರಿಯ ಮೇಲಿಲ್ಲ. ಕಾಗದದ ಮೇಲೂ ಬಹುಮಟ್ಟಿಗೆ ಇಲ್ಲ. ಅದಿರುವುದು ಈ ಯಂತ್ರದ ಒಡಲಿನಲ್ಲಿ. ಬರಹವಿರುವ ಮನೆಗೆ ಬೀಗವಾವುದು, ಬೀಗದ ಕೈ ಯಾರ ಹತ್ತಿರವಿದೆ ಎಂಬುದು ಸಾಹಿತ್ಯದ ವಿಚಾರವಲ್ಲದಿದ್ದರೆ ಮತ್ತಾವುದು ಸಾಹಿತ್ಯದ ವಿಚಾರ?

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ವಿಂಡೋಸ್ 10 ಎಂಬ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2015ನೆಯ ಇಸವಿ ಜುಲೈ 29ರಂದು ಹೊರಡಿಸಿತು. 2025ನೆಯ ಅಕ್ಟೋಬರ್ 14ರಂದು ಅದರ ಉಚಿತ ಪೋಷಣೆಯನ್ನು ನಿಲ್ಲಿಸಿತು. ಆ ದಿನ ಯಂತ್ರಗಳೇನೂ ಸ್ತಬ್ಧವಾಗಲಿಲ್ಲ. ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳನ್ನು ತಿಂಗಳು ತಿಂಗಳೂ ಮುಚ್ಚಿ ಕಳುಹಿಸುತ್ತಿದ್ದ ಕೆಲಸವು ನಿಂತಿತು, ಅಷ್ಟೆ. ಅದರ ಸ್ಥಾನಕ್ಕೆ 2021ನೆಯ ಅಕ್ಟೋಬರ್ 5ರಂದೇ ಬಂದಿದ್ದ ವಿಂಡೋಸ್ 11ಕ್ಕೆ ನಿಯಮಗಳು ಬಿಗಿ: 4 ಜಿ.ಬಿ. ಸ್ಮರಣಶಕ್ತಿ, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗ, ಮತ್ತು ಸಾಮಾನ್ಯವಾಗಿ ಇಂಟೆಲ್ ಸಂಸ್ಥೆಯ ಎಂಟನೆಯ ತಲೆಮಾರಿನ ಅಥವಾ ಅದರ ಈಚಿನ ಪ್ರೊಸೆಸರ್. ಈ ಎಂಟನೆಯ ತಲೆಮಾರು ಪೇಟೆಗೆ ಬಂದುದು 2017ರಲ್ಲಿ. ಹೀಗಾಗಿ 2016ರಲ್ಲಿ ಕೊಂಡು, ಇಂದಿಗೂ ಹದಿನಾರಾಣೆ ಕೆಲಸಮಾಡುತ್ತಿರುವ ಯಂತ್ರವು ಈ ನಿಯಮದ ಪ್ರಕಾರ ಅನರ್ಹವಾಯಿತು.

ಈ ವಿಷಯದಲ್ಲಿ ಮೂರು ಪಕ್ಷಗಳನ್ನು ಕೇಳುತ್ತೇವೆ. ಒಂದೊಂದನ್ನಾಗಿ ಪರೀಕ್ಷಿಸೋಣ.

ಮೊದಲನೆಯವರು ಯಥಾಸ್ಥಿತಿವಾದಿಗಳು. “ಯಂತ್ರ ನಡೆಯುತ್ತಿದೆ, ನಡೆಯುವ ಎತ್ತಿಗೆ ಬಾರುಕೋಲೇಕೆ? ಹೆದರಿಸಿ ಹಣ ಕೀಳುವುದು ವ್ಯಾಪಾರಿಗಳ ಹಳೆಯ ಚಾಳಿ” ಎಂದು ಇವರ ವಾದ. ಇದರಲ್ಲಿ ಅರ್ಧ ಸತ್ಯವುಂಟು. ಆದುದರಿಂದಲೇ ಇದು ಪೂರ್ತಿ ಸುಳ್ಳಿಗಿಂತ ಅಪಾಯಕರವಾದುದು. 2017ನೆಯ ಇಸವಿ ಮೇ 12ರಂದು ವಾನ್ನಕ್ರೈ ಎಂಬ ಕೃತ್ರಿಮ ತಂತ್ರಾಂಶವು ಜಗತ್ತಿನ ಮೇಲೆ ಬಿದ್ದುದನ್ನು ಇವರು ಮರೆತಿರುವರು. ಅದು ಯಂತ್ರದೊಳಗಿನ ಕಡತಗಳಿಗೆಲ್ಲ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ನೂರೈವತ್ತಕ್ಕೆ ಕಡಮೆಯಿಲ್ಲದ ದೇಶಗಳಿಗೆ ಹಬ್ಬಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಪರಿಷ್ಕಾರವು ಅದೇ ವರ್ಷ ಮಾರ್ಚ್ 14ರಂದೇ ಬಂದಿತ್ತು. ಪೀಡಿತವಾದವುಗಳಲ್ಲಿ ಬಹುಪಾಲು, ಔಷಧವು ಬಾಗಿಲಿಗೆ ಬಂದಿದ್ದರೂ ಸೇವಿಸದ ಯಂತ್ರಗಳು. ಔಷಧ ಬಂದಿದ್ದಾಗಲೇ ಈ ಗತಿಯಾದರೆ, ಔಷಧವೇ ಬಾರದ ಯಂತ್ರವನ್ನು ಅಂತರ್ಜಾಲಕ್ಕೆ ಒಡ್ಡಿ, ಅದರಲ್ಲಿಯೇ ನಿವೃತ್ತಿವೇತನದ ಬ್ಯಾಂಕು ವ್ಯವಹಾರವನ್ನು ನಡೆಯಿಸುವುದಕ್ಕೆ ಯಾವ ಹೆಸರಿಡಬೇಕು? ಮಿತವ್ಯಯವೆಂಬ ಹೆಸರು ಅದಕ್ಕೆ ಸಲ್ಲದು. ಅಲ್ಲದೆ, ಕೆಟ್ಟ ಯಂತ್ರವು ತನ್ನ ಯಜಮಾನನನ್ನು ಮಾತ್ರ ಕೆಡಿಸಿ ಸುಮ್ಮನಿರುವುದಿಲ್ಲ. ಊರ ಬಾವಿಗೆ ಬಿದ್ದ ಹೊಲಸಿನಂತೆ ಅದರ ದೋಷವು ನೆರೆಯವರನ್ನೂ ಮುಟ್ಟುತ್ತದೆ. ಯಂತ್ರವನ್ನು ಅಂತರ್ಜಾಲಕ್ಕೆ ಸೇರಿಸದೆ, ಬರೆಯುವುದಕ್ಕೂ ಅಚ್ಚುಹಾಕುವುದಕ್ಕೂ ಮಾತ್ರ ಇಟ್ಟುಕೊಳ್ಳುವವರಾದರೆ ಅವರ ಯಥಾಸ್ಥಿತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅಂಥ ಸಂಯಮಿಗಳು ಎಷ್ಟು ಮಂದಿ?

ಎರಡನೆಯವರು ವಿಸರ್ಜನವಾದಿಗಳು. ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಈ ಪಕ್ಷಕ್ಕೆ ಬಲ ಹೆಚ್ಚು. “ಸ್ವಾಮಿ, ಇದು ಹಳೆಯ ಸರಕು, ಇದಕ್ಕೆ ಏನೂ ಹಾಕಲಾಗದು, ಬಿಟ್ಟು ಹೊಸದನ್ನು ತೆಗೆದುಕೊಳ್ಳಿ” ಎಂಬ ತೀರ್ಪು ಅಲ್ಲಿ ಯಂತ್ರದ ಮುಚ್ಚಳವನ್ನು ತೆಗೆಯುವುದಕ್ಕೆ ಮೊದಲೇ ಹೊರಬೀಳುತ್ತದೆ. ಟಿ.ಪಿ.ಎಂ. ಅಂಗದಿಂದ ರಕ್ಷಣೆಯು ಬಲವಾಗುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಿಲ್ಲದ ಯಂತ್ರವನ್ನು ಕಾಪಾಡುವುದೇ ಅಸಾಧ್ಯವೆಂಬ ಮಾತು ನಿಲ್ಲಲಾರದು. ಅದನ್ನು ಕೆಡವಿದವರು ಆ ಸಂಸ್ಥೆಯವರೇ. ಇದೇ ವಿಂಡೋಸ್ 10 ಯಂತ್ರಗಳಿಗೆ 2026ನೆಯ ಅಕ್ಟೋಬರ್ 13ರವರೆಗೆ, ಎಂದರೆ ಇನ್ನೂ ಒಂದು ವರ್ಷ, ರಕ್ಷಣೆಯ ಪರಿಷ್ಕಾರಗಳನ್ನು ಕೊಡುವೆವೆಂದು ಅವರು ಪ್ರಕಟಿಸಿದರು. ಮೂವತ್ತು ಡಾಲರು ಕೊಡಬೇಕು. ಇಲ್ಲವೆ ಯಂತ್ರದ ವಿವರಗಳನ್ನು ತಮ್ಮ ಉಗ್ರಾಣಕ್ಕೆ ಒಪ್ಪಿಸಬೇಕು. ಇಲ್ಲವೆ ತಮ್ಮಲ್ಲಿ ಗಳಿಸಿದ ಸಾವಿರ ಅಂಕಗಳನ್ನು ತೆರಬೇಕು ಎಂದು ಕಟ್ಟುಮಾಡಿದರು. ಯುರೋಪಿನ ಬಳಕೆದಾರರ ಸಂಘಗಳು ಇದನ್ನು ಎತ್ತಿ ಆಡಿದ ಮೇಲೆ ಅಲ್ಲಿಯ ಆರ್ಥಿಕ ವಲಯದವರಿಗೆ ಆ ಪಣವನ್ನು ಬಿಟ್ಟುಕೊಟ್ಟರು. ಮೂವತ್ತು ಡಾಲರಿಗೆ ಬದುಕಬಲ್ಲ ರೋಗಿಯನ್ನು ಅಸಾಧ್ಯರೋಗಿಯೆಂದು ಹೇಳುವ ವೈದ್ಯನನ್ನು ಯಾರು ನಂಬುವರು? ಕೇಳಿದವರಿಗೆ ಸಿಕ್ಕಿತು; ಕೇಳದ ನಮಗೆ ಸಿಕ್ಕಲಿಲ್ಲ. ಅಸ್ತು.

ಕೆಲವು ಯಂತ್ರಗಳಲ್ಲಿ ಟಿ.ಪಿ.ಎಂ. ಅಂಗವು ಇದ್ದೂ ಬಯೋಸ್ ಎಂಬ ಮೂಲವಿಧಾನದಲ್ಲಿ ಆರಿಸಲ್ಪಟ್ಟಿರುತ್ತದೆ. ಹೊತ್ತಿಸಿದರೆ ಸಾಕು, ಅನರ್ಹವೆನಿಸಿದ್ದು ಅರ್ಹವಾಗುವುದುಂಟು. ನಿಯಮವನ್ನು ತಪ್ಪಿಸಿ ಹೊಸ ವ್ಯವಸ್ಥೆಯನ್ನು ಬಲವಂತವಾಗಿ ತುರುಕಿಕೊಡುವ ಚತುರರೂ ಪೇಟೆಯಲ್ಲಿ ಇರುವರು. ಅಂಥ ಯಂತ್ರಕ್ಕೆ ಮುಂದೆ ಪರಿಷ್ಕಾರ ಬರುವುದೆಂಬ ಭರವಸೆಯನ್ನು ಸಂಸ್ಥೆಯು ಕೊಡುವುದಿಲ್ಲವಾದುದರಿಂದ ಗೃಹಸ್ಥರು ಆ ಕಳ್ಳದಾರಿಯನ್ನು ಹಿಡಿಯದಿರುವುದೇ ಲೇಸು.

ರಾಜಮಾರ್ಗವು ಬೇರೆ ಇದೆ. ಲೈನಸ್ ಟೊರ್ವಾಲ್ಡ್ಸ್ ಎಂಬವನು 1991ರಲ್ಲಿ ತೊಡಗಿಸಿದ ಲಿನಕ್ಸ್‌ನ ಆಧಾರದ ಮೇಲೆ ನಿಂತಿರುವ ಸ್ವತಂತ್ರ ವ್ಯವಸ್ಥೆಗಳು ಹಳೆಯ ಯಂತ್ರಗಳನ್ನು ಜಾತಿಯಿಂದ ಹೊರಗೆ ಹಾಕುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. “ಅದು ಪಂಡಿತರಿಗೆ, ನಮ್ಮಂಥವರಿಗಲ್ಲ” ಎಂದು ಆಕ್ಷೇಪ. ಇದಕ್ಕೆ ಸಮಾಧಾನವನ್ನು ಕಾಸರಗೋಡಿನಲ್ಲಿ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕಶಿಕ್ಷಣವು ಅನೇಕ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ನಡೆದುಬಂದಿದೆ. ಅಲ್ಲಿಯ ಕೈಟ್ ಎಂಬ ಸರ್ಕಾರಿ ಸಂಸ್ಥೆಯು ಲಿನಕ್ಸ್ ವ್ಯವಸ್ಥೆಯನ್ನು ಶಾಲೆಗಳಿಗೆ ತಕ್ಕಂತೆ ಹೊಂದಿಸಿ ಒದಗಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಅಭ್ಯಾಸಮಾಡುವರು. ಗಡಿಯಾಚೆಯ ಕನ್ನಡದ ಬಾಲಕನಿಗೆ ಸಾಧ್ಯವಾದುದು ಬೆಂಗಳೂರಿನ ಪದವೀಧರರಿಗೆ ಅಸಾಧ್ಯವೆನ್ನುವುದು ನಾಚಿಕೆಯ ಮಾತು. ಲೆಕ್ಕಪತ್ರದ ಟ್ಯಾಲಿ, ಡಿಜಿಟಲ್ ಸಹಿಯ ಉಪಕರಣ ಮೊದಲಾದ ಕೆಲವು ಕೆಲಸಗಳಿಗೆ ವಿಂಡೋಸ್ ಬೇಕಾಗುವುದು ನಿಜ. ಅಂಥವರು ಹೊಸ ಯಂತ್ರವನ್ನು ಕೊಳ್ಳಲಿ. ಓದು, ಬರಹ, ಪತ್ರವ್ಯವಹಾರ, ಬ್ಯಾಂಕು ಇಷ್ಟೇ ಉಳ್ಳವರಿಗೆ ಆ ನಿರ್ಬಂಧವಿಲ್ಲ.

ಮೂರನೆಯದು ಪರಾಧೀನಪಕ್ಷ. “ನಮಗೆ ಇದೆಲ್ಲ ತಿಳಿಯದು, ಮಗ ಅಮೆರಿಕದಿಂದ ಬಂದಾಗ ನೋಡಿಕೊಳ್ಳುತ್ತಾನೆ” ಎನ್ನುವವರು ಇವರು. ನಮ್ಮ ಬಡಾವಣೆಗಳಲ್ಲಿ ಇವರೇ ಹೆಚ್ಚು. ಇವರ ವಿಷಯದಲ್ಲಿ ಕಠಿನವಾಗಿ ಬರೆಯಲು ಮನಸ್ಸು ಬಾರದು, ಆದರೂ ಬರೆಯಬೇಕಾಗಿದೆ. ಮಗನು ಬರುತ್ತಾನೆ, ಛಾಯಾಚಿತ್ರಗಳನ್ನು ಎತ್ತಿಡುತ್ತಾನೆ, ಬ್ಯಾಂಕಿನ ಕಾಗದಗಳನ್ನು ಎತ್ತಿಡುತ್ತಾನೆ, ಉಳಿದುದನ್ನು ಅಳಿಸುತ್ತಾನೆ. ತಂದೆಯು ಇಪ್ಪತ್ತು ವರ್ಷ ಕುಳಿತು ಬರೆದ ಕನ್ನಡದ ಕಡತವನ್ನು ಅವನು ತೆರೆದರೆ ಕಾಣುವುದು ಅಡ್ಡಾದಿಡ್ಡಿಯಾದ ರೋಮನ್ ಚಿಹ್ನೆಗಳ ರಾಶಿ. ಹಾಳಾದ ಕಡತವೆಂದು ಅದನ್ನು ಬಿಸಾಡಿದರೆ ಅವನ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ.

ಪ್ರಕೃತ ವಿಷಯದ ಮರ್ಮವು ಇಲ್ಲಿದೆ. ಗಣಕದಲ್ಲಿ ಕನ್ನಡವು ಕಾಲೂರಿದ ಕಾಲದಲ್ಲಿ ನಮ್ಮ ಅಕ್ಷರಗಳ ಆಕಾರಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಲಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಬಾಡಿಗೆಯ ಮನೆ ಬಾಡಿಗೆಯ ಮನೆಯೇ. ಆ ಹಳೆಯ ವಿಧಾನದಲ್ಲಿ ಕಡತದೊಳಗೆ ಕನ್ನಡವಿಲ್ಲ, ರೋಮನ್ ಸಂಕೇತಗಳಿವೆ, ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಒಂದು ನಿರ್ದಿಷ್ಟ ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿತು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮವು ಬೇರೆ. 1991ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನೊಡನೆ ಅದು ಸಾಮಾನ್ಯರ ಯಂತ್ರಗಳಿಗೂ ಬಂತು. ಅಂದಿನಿಂದ ಎರಡು ದಶಕಗಳು ಕಳೆದರೂ ನಮ್ಮ ಅನೇಕ ಮುದ್ರಣಾಲಯಗಳೂ ಸಂಘಗಳೂ ಹಳೆಯ ಫಾಂಟುಗಳಲ್ಲಿಯೇ, ಯೂನಿಕೋಡನ್ನು ಅರಿಯದ ಪೇಜ್‌ಮೇಕರ್‌ನಲ್ಲಿಯೇ ಪುಟ ಕಟ್ಟುತ್ತಿರುವುವು. ಆ ಪೇಜ್‌ಮೇಕರ್‌ನ ಕಡೆಯ ಆವೃತ್ತಿ ಹೊರಟುದು 2001ರಲ್ಲಿ. ಹೊಸ ವ್ಯವಸ್ಥೆಯನ್ನು ಕಂಡರೆ ಇವರು ನಡುಗುವುದಕ್ಕೆ ಕಾರಣ ಇದೇ. ಇವರ ಭಯವು ಹೊಸ ವ್ಯವಸ್ಥೆಯ ದೋಷದಿಂದ ಹುಟ್ಟಿದುದಲ್ಲ. ಹಳೆಯ ಬರಹವನ್ನು ಸೆರೆಯಿಂದ ಬಿಡಿಸದ ಆಲಸ್ಯದಿಂದ ಹುಟ್ಟಿದುದು.

ಪಾಠಶಾಲೆಯಲ್ಲಿ ಓದಿದವರಿಗೆ ಇದು ಸುಲಭವಾಗಿ ಬೋಧೆಯಾಗುವುದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು 1905ರಲ್ಲಿ; ಅಚ್ಚಾದುದು 1909ರಲ್ಲಿ. ಅದು ಗ್ರಂಥಲಿಪಿಯಲ್ಲಿತ್ತು. ಆ ಲಿಪಿಯನ್ನು ಬಲ್ಲ ವಿದ್ವಾಂಸರು ಇದ್ದುದರಿಂದ ಓಲೆಯು ಗ್ರಂಥವಾಯಿತು. ಇಲ್ಲದಿದ್ದರೆ ಓಲೆಯಾಗಿಯೇ ಹುಳುವಿಗೆ ಆಹಾರವಾಗುತ್ತಿತ್ತು. ನಮ್ಮ ಪೂರ್ವಿಕರು ಓಲೆ ಶಿಥಿಲವಾಗುವ ಮುನ್ನವೇ ಪ್ರತಿಮಾಡಿಸುತ್ತಿದ್ದರು. ಪ್ರತಿಯಾದುದು ಉಳಿಯಿತು, ಆಗದುದು ಹೋಯಿತು. ಫಾಂಟನ್ನು ಬಲ್ಲ ಯಂತ್ರಗಳು ಇನ್ನೂ ಕೆಲವು ಉಳಿದಿರುವಾಗಲೇ ಪ್ರತಿಮಾಡುವ ಧರ್ಮವು ಈಗ ನಮ್ಮ ಪಾಲಿಗೆ ಬಂದಿದೆ.

ಆದಕಾರಣ ನಮ್ಮ ಸಿದ್ಧಾಂತವಿದು. ವ್ಯವಸ್ಥೆಯ ವಿಚಾರಕ್ಕೆ ಮೊದಲು ಬರಹದ ವಿಚಾರವಾಗಬೇಕು. ಕಡತಗಳನ್ನೆಲ್ಲ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಿಗೆ ನಕಲುಮಾಡಿ, ಒಂದನ್ನು ಬೇರೊಂದು ಮನೆಯಲ್ಲಿಡಿರಿ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿರಿ. ಅದಕ್ಕೆ ಸಾಧನಗಳು ಉಚಿತವಾಗಿಯೇ ದೊರೆಯುವುವು. ಪರಿವರ್ತಿಸಿದ ಮೇಲೆ ಓದಿ ತಿದ್ದಿರಿ. ಏಕೆಂದರೆ ಅರ್ಕಾವೊತ್ತು ಸ್ಥಾನ ತಪ್ಪಿ ‘ಧರ್ಮ’ವು ‘ಧಮರ್’ ಆಗುವುದನ್ನು ನಾವೆಲ್ಲರೂ ಮುದ್ರಿತ ಪುಟಗಳಲ್ಲಿಯೇ ಕಂಡಿದ್ದೇವೆ. ಈ ತಿದ್ದುವಿಕೆಯನ್ನು ಯಂತ್ರವೂ ಮಾಡದು, ಅಮೆರಿಕದ ಮಗನೂ ಮಾಡಲಾರನು. ಭಾಷೆ ಬಲ್ಲ ಹಿರಿಯರೇ ಮಾಡಬೇಕು. ಮೂಲ ಕಡತವನ್ನೂ ಅದರ ಫಾಂಟನ್ನೂ ಒಂದು ಪಿ.ಡಿ.ಎಫ್. ಪ್ರತಿಯನ್ನೂ ಜೊತೆಗೆ ಇಡಿರಿ. ಆಮೇಲೆ ಯಂತ್ರವನ್ನು ಪರೀಕ್ಷಿಸಿರಿ. ಅರ್ಹವಾಗಿದ್ದರೆ ಹೊಸ ವ್ಯವಸ್ಥೆಗೆ ಏರಿಸಿರಿ, ಅದಕ್ಕೆ ಶುಲ್ಕವಿಲ್ಲ. ಅನರ್ಹವಾಗಿದ್ದರೆ ಲಿನಕ್ಸನ್ನು ಒಂದು ಪೆನ್‌ಡ್ರೈವಿನಿಂದ ನಡೆಸಿ, ಯಂತ್ರದೊಳಗೆ ಏನನ್ನೂ ಬದಲಿಸದೆ ನಾಲ್ಕು ದಿನ ನೋಡಿ, ಒಗ್ಗಿದರೆ ನೆಲೆಗೊಳಿಸಿರಿ. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಅದರಲ್ಲಿಯೂ ಇದೆ. ಬೆರಳಿನ ಅಭ್ಯಾಸವು ಕೆಡುವುದಿಲ್ಲ. ಎರಡಕ್ಕೂ ಒಡಂಬಡದ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿರಿ. ನಿಜವಾಗಿಯೂ ಆಯುಸ್ಸು ತೀರಿದುದನ್ನು ಗುಜರಿಯವನ ಗಾಡಿಗೆ ಹಾಕದೆ, 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತರಾದವರಿಗೆ ಒಪ್ಪಿಸಿರಿ. ಅದರೊಳಗೆ ಸೀಸದಂಥ ವಿಷಗಳಿರುವುವು.

ದೇವಾಲಯದ ಜೀರ್ಣೋದ್ಧಾರದಲ್ಲಿ ಬಿರುಕುಬಿಟ್ಟ ಗೋಡೆಯನ್ನು ಕೆಡವಿ ಕಟ್ಟುವರು; ಮೂಲಮೂರ್ತಿಯನ್ನು ಬಾಲಾಲಯದಲ್ಲಿರಿಸಿ ಜೋಪಾನಮಾಡುವರು. ಗೋಡೆಯೇ ದೇವರೆಂದು ಬಿರುಕನ್ನು ಪೂಜಿಸುವವರೂ, ಗೋಡೆಯೊಡನೆ ಮೂರ್ತಿಯನ್ನೂ ಕೆರೆಗೆ ಎಸೆಯುವವರೂ ಸಮಾನವಾಗಿ ಅಜ್ಞರು. ಯೂನಿಕೋಡಿನಲ್ಲಿ ಬರಹವುಳ್ಳ ಗೃಹಸ್ಥನಿಗೆ ಯಾವ ವ್ಯವಸ್ಥೆಯಾದರೂ ಒಂದೇ. ಅವನು ಸ್ವತಂತ್ರನಾಗಿ ಆರಿಸಿಕೊಳ್ಳಬಲ್ಲನು. ಒಂದು ಫಾಂಟಿಗೆ ಒತ್ತೆಯಿಟ್ಟವನು ಯಾವ ವ್ಯವಸ್ಥೆಯನ್ನು ಆರಿಸಿದರೂ ಪರತಂತ್ರನೇ.

ಪ್ರತಿ ಬಡಾವಣೆಯ ವಾಚನಾಲಯವೂ ಪ್ರತಿ ಸಾಹಿತ್ಯಸಂಘವೂ ವಾರಕ್ಕೊಂದು ಸಾಯಂಕಾಲವನ್ನು ಈ ಪ್ರತಿಮಾಡುವ ಕೆಲಸಕ್ಕೆ ಮೀಸಲಿಡಲಿ. ಪರಿವರ್ತಿಸುವುದಕ್ಕೆ ಹುಡುಗರು ಬರಲಿ. ತಿದ್ದುವುದಕ್ಕೆ ಹಿರಿಯರು ಕೂಡಲಿ. ನಮ್ಮ ಸಂಘದ ಹಿಂದಿನ ಸಂಚಿಕೆಗಳಿಂದಲೇ ಈ ಕಾರ್ಯವು ಮೊದಲಾಗತಕ್ಕದ್ದು. ಕಾರ್ಯಸಮಿತಿಯವರು ಹೊಸ ಯಂತ್ರವನ್ನು ಕೊಳ್ಳುವ ಲೆಕ್ಕವನ್ನು ಮಂಡಿಸುವುದಕ್ಕೆ ಮುಂಚೆ, ಹಳೆಯ ಸಂಚಿಕೆಗಳಲ್ಲಿ ಎಷ್ಟು ಯೂನಿಕೋಡಿಗೆ ಬಂದಿವೆ ಎಂಬ ಲೆಕ್ಕವನ್ನು ಸದಸ್ಯರ ಮುಂದಿಡಲಿ.