ಹಳೆ ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಿ’ ಎಂದರೆ ಮೆಮೊರಿ ಕಾರ್ಡ್ ಕೆಟ್ಟಿದೆಯೇ?

ಮೊಬೈಲಿನಲ್ಲಿ ಸರಿಯಾಗಿಯೇ ಓಡುತ್ತಿದ್ದ ಮೆಮೊರಿ ಕಾರ್ಡನ್ನು ಹಳೆ ಕಂಪ್ಯೂಟರಿಗೆ ಹಾಕಿದಾಗ ‘ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೆ?’ ಎಂಬ ಸಂದೇಶ ಬರುವುದುಂಟು. ‘ವೈರಸ್ ಹತ್ತಿದೆ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎನ್ನುವವರೂ ಪಕ್ಕದಲ್ಲೇ ಇರುತ್ತಾರೆ. ಶರಣಸಿರಸಗಿಯಂಥ ಊರಿನಿಂದ ಕಲಬುರಗಿಗೆ ಫೋಟೊ ಪ್ರಿಂಟ್ ಹಾಕಿಸಲು ಬಂದವರು ಈ ಮಾತು ನಂಬಿ ‘ಎಸ್’ ಒತ್ತಿದರೆ ಮನೆಯ ಮದುವೆ ವಿಡಿಯೊ, ಶರಣಬಸವೇಶ್ವರ ಜಾತ್ರೆಯ ತೇರಿನ ಫೋಟೊ ಎಲ್ಲ ಒಟ್ಟಿಗೇ ಮಾಯ.

ಈ ಸಂದೇಶ ಬಂತೆಂದರೆ ಕಾರ್ಡ್ ಕೆಟ್ಟಿದೆ ಎಂದೇನೂ ಅಲ್ಲ. ಎಷ್ಟೋ ಸಲ ಆ ಕಂಪ್ಯೂಟರಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೇ. ನಮ್ಮ ಭಾಗದ ಹಲವು ಮನೆಗಳಲ್ಲಿ ನಿಜಾಮರ ಕಾಲದ ಉರ್ದು ಜಮೀನು ಕಾಗದಗಳಿವೆ. ನಮಗೆ ಓದಲು ಬರುವುದಿಲ್ಲ ಎಂದು ಅವನ್ನು ಖಾಲಿ ಹಾಳೆ ಎನ್ನುತ್ತೇವೆಯೇ?

ಕಾರ್ಡಿನೊಳಗೂ ಇಂಥ ‘ಲಿಪಿ’ಗಳಿವೆ. 2 ಜಿಬಿಗಿಂತ ಹೆಚ್ಚಿನ, 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. ಅದಕ್ಕಿಂತ ದೊಡ್ಡ 64, 128 ಜಿಬಿ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಇದನ್ನು ಮೈಕ್ರೋಸಾಫ್ಟ್ 2006ರಲ್ಲಿ ತಂದಿತು. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಹಾಗಾಗಿ 2009ರ ಪ್ರತ್ಯೇಕ ಅಪ್‌ಡೇಟ್ ಹಾಕಿಸದ ಎಕ್ಸ್‌ಪಿ ಕಂಪ್ಯೂಟರಿಗೆ ಎಕ್ಸ್‌ಫ್ಯಾಟ್ ಅರ್ಥವಾಗದು. ವಿಂಡೋಸ್ 7ಕ್ಕೆ ಅರ್ಥವಾಗುತ್ತದೆ. ಅಲ್ಲೂ ಇದೇ ಸಂದೇಶ ಬಂದರೆ ಹಳೆಯ ಕಾರ್ಡ್ ರೀಡರ್ ಮೇಲೆ ಅನುಮಾನಪಡಿ, ಇನ್ನೊಂದು ರೀಡರ್‌ನಲ್ಲಿ ಹಾಕಿ ನೋಡಿ. ಕಾರ್ಡ್ ನಿಜವಾಗಿಯೂ ಕೆಟ್ಟಿರುವುದೂ ಉಂಟು. ಆದರೆ ಮೊಬೈಲಿನಲ್ಲಿ ಫೋಟೊಗಳು ತೆರೆಯುತ್ತಿದ್ದರೆ ಆ ಸಾಧ್ಯತೆ ಕಡಿಮೆ.

ಆದ್ದರಿಂದ ಮೊದಲು ‘ನೋ’ ಒತ್ತಿ. ಕಾರ್ಡನ್ನು ಮೊಬೈಲಿಗೇ ಮರಳಿ ಹಾಕಿ, ಹೊಸ ಕಂಪ್ಯೂಟರಿಗೆ ಕೇಬಲ್ ಜೋಡಿಸಿ ಕಾಪಿ ಮಾಡಿಕೊಳ್ಳಿ. ಹಳೆ ಕಂಪ್ಯೂಟರಿನಲ್ಲೇ ಕಾರ್ಡ್ ಬಳಸಬೇಕೆಂದರೆ, ಕಾಪಿ ಆದ ಮೇಲೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಬಹುದು. ಎಕ್ಸ್‌ಪಿ, ವಿಂಡೋಸ್ 7ರ ಸ್ವಂತ ಫಾರ್ಮ್ಯಾಟ್ ಪರದೆ 32 ಜಿಬಿ ಮೀರಿದ ಕಾರ್ಡಿಗೆ ಈ ಆಯ್ಕೆ ಕೊಡುವುದಿಲ್ಲ, ಬೇರೆ ಉಚಿತ ತಂತ್ರಾಂಶ ಬೇಕು. ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಉದ್ದನೆಯ ಮದುವೆ ವಿಡಿಯೊ ಅರ್ಧಕ್ಕೇ ನಿಲ್ಲುವುದು ಇದಕ್ಕೇ. ಜಾಗ ಇದ್ದರೂ ‘ಜಾಗವಿಲ್ಲ’ ಎನ್ನುವ ವಿಚಿತ್ರ ಸಂದೇಶ ಬರಬಹುದು!

ಈಗಾಗಲೇ ‘ಎಸ್’ ಒತ್ತಿದ್ದರೆ? ಆ ಕಾರ್ಡಿಗೆ ಇನ್ನೊಂದು ಫೋಟೊ ಕೂಡ ಹಾಕಬೇಡಿ. ‘ಕ್ವಿಕ್ ಫಾರ್ಮ್ಯಾಟ್’ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ, ಪುಟಗಳು ಉಳಿದಿರುತ್ತವೆ. ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಬಹಳಷ್ಟನ್ನು ಹುಡುಕಿ ಕೊಡಬಹುದು. ವಿಂಡೋಸ್ ವಿಸ್ತಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಮಾಡಿದರೆ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯಲಾಗುತ್ತದೆ. ಆಗ ಆಸೆ ಬಿಡಬೇಕು.

ಇನ್ನೊಂದು ಸಂದರ್ಭದಲ್ಲಿ ಹೊಚ್ಚ ಹೊಸ ಕಂಪ್ಯೂಟರ್ ಕೂಡ ಇದೇ ಸಂದೇಶ ತೋರಿಸುತ್ತದೆ. ಆಂಡ್ರಾಯ್ಡ್ 6ರಿಂದೀಚೆಗೆ ಕೆಲವು ಮೊಬೈಲುಗಳಲ್ಲಿ ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಆಗಿ ಸೇರಿಸಿಕೊಳ್ಳಬಹುದು. ಹಾಗೆ ಮಾಡಿದ ಕಾರ್ಡಿಗೆ ಬೀಗ ಬಿದ್ದಂತೆ, ಬೀಗದ ಕೈ ಆ ಮೊಬೈಲಿನಲ್ಲಿ ಮಾತ್ರ. ಮೊಬೈಲನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವ ಮೊದಲು ಫೋಟೊಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ರೀಸೆಟ್ ಆದರೆ ಆ ಕೈಯೂ ಹೋಗುತ್ತದೆ.