ಮಾತು ಬೆಣ್ಣೆ, ಮನಸ್ಸು ಬೇಲಿ



ತೋಟದ ಜನರನ್ನು ಕೀಳಾಗಿ ಕಾಣುವವರು ಈಗ ಎದುರಿಗೆ ಬೈಯುವುದಿಲ್ಲ. ವೇದಿಕೆ ಹತ್ತಿದರೆ ‘ಕೂಲಿಗಳು’ ಎನ್ನದೆ ‘ಕಾರ್ಮಿಕ ಬಂಧುಗಳೇ’ ಎಂದು ಕೈ ಮುಗಿಯುತ್ತಾರೆ. ಬಾಯಿ ತಿದ್ದಿಕೊಂಡಿತು, ಸಂತೋಷ. ಮನಸ್ಸು ತಿದ್ದಿಕೊಂಡಿತೆ? ಬೈಗುಳಕ್ಕಿಂತ ನಯವಾದ ಮಾತೇ ಹೆಚ್ಚು ಸಂಸಾರಗಳನ್ನು ಬೀದಿಪಾಲು ಮಾಡಿದೆ ಎಂಬುದಕ್ಕೆ ನಮ್ಮ ಪಕ್ಕದ ಲೈನಿನಲ್ಲೇ ಸಾಕ್ಷಿಗಳಿದ್ದಾರೆ.

ಅವರು ಶ್ರೀಲಂಕಾದಿಂದ, ಅಂದರೆ ಅಂದಿನ ಸಿಲೋನಿನಿಂದ, ಬಂದವರು. ಅವರ ಹಿರಿಯರು ತಮಿಳು ಸೀಮೆಯಿಂದ ಹೋಗಿ ಅಲ್ಲಿನ ಗುಡ್ಡಗಳಲ್ಲಿ ಮೊದಲು ಕಾಫಿ, ಆಮೇಲೆ ಚಹಾ ಬೆಳೆಸಿದರು. 1947ರ ಚುನಾವಣೆಯಲ್ಲಿ ಆ ಜನ ಮತ ಹಾಕಿ ತಮ್ಮವರನ್ನು ಪಾರ್ಲಿಮೆಂಟಿಗೆ ಕಳುಹಿಸಿದ್ದರು. ಮರುವರ್ಷವೇ ಪೌರತ್ವದ ಕಾನೂನು ಬಂತು. ‘ತಮಿಳರು ಹೊರಗೆ’ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಿನ್ನ ತಂದೆ, ಇಲ್ಲವೆ ತಾತ ಮುತ್ತಾತ ಈ ನೆಲದಲ್ಲಿ ಹುಟ್ಟಿದ್ದಕ್ಕೆ ರುಜುವಾತು ಕೊಡು ಎಂದಿತು, ಅಷ್ಟೆ. ಲೈನು ಮನೆಯಲ್ಲಿ ಹುಟ್ಟಿದವನು ಜನನ ಪತ್ರ ಎಲ್ಲಿಂದ ತರಬೇಕು? ಸುಮಾರು 7 ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. 1949ರಲ್ಲಿ ಅವರ ಮತವೂ ಹೋಯಿತು.

1964ರ ಅಕ್ಟೋಬರ್ 30ರಂದು ಎರಡು ಸರಕಾರಗಳು ಒಪ್ಪಂದ ಮಾಡಿಕೊಂಡವು. ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಮಿಕ್ಕ 1,50,000 ಜನರ ವಿಷಯ ಆಮೇಲೆ ನೋಡೋಣ! 1974ರಲ್ಲಿ ಅವರನ್ನೂ ಅರ್ಧರ್ಧ ಹಂಚಿಕೊಂಡರು. ಸಂತೆಯಲ್ಲಿ ಮೂಟೆ ಹಂಚಿದ ಹಾಗೆ ಮನುಷ್ಯರನ್ನು ಹಂಚಿ, ಅದಕ್ಕೆ ‘ತಾಯ್ನಾಡಿಗೆ ಮರಳುವುದು’ ಎಂದು ಹೆಸರಿಟ್ಟರು. ಹುಟ್ಟಿದ ಮನೆ ಬಿಡಿಸಿ, ಕಣ್ಣಿಂದ ಕಂಡಿರದ ಊರಿಗೆ ಕಳುಹಿಸುವ ಕೆಲಸಕ್ಕೆ ತಾಯಿಯ ಹೆಸರು! ಅಲ್ಲೇ ಉಳಿದು ಪೌರತ್ವ ಸಿಗದೆ ಇದ್ದವರಿಗೆ ಕಾನೂನಿನ ಬಾಗಿಲು ತೆರೆದದ್ದು 2003ರಲ್ಲಿ, 55 ವರ್ಷಗಳ ಮೇಲೆ.

ಬಂದವರಿಗೆ ನೀಲಗಿರಿಯಲ್ಲಿ ಸರಕಾರಿ ಚಹಾ ತೋಟಗಳಾದವು. ಅವೇ ಟಾನ್‌ಟೀ ತೋಟಗಳು. ವಯನಾಡಿನ ಕಂಬಮಲೆಗೂ ಕೆಲವರು ಬಂದರು. ಅಲ್ಲಿ ‘ಇಂಡಿಯಾದವರು’ ಎನಿಸಿಕೊಂಡವರು ಇಲ್ಲಿ ‘ಸಿಲೋನಿನವರು’ ಆದರು.

ಹಾಗೆಂದು ಕರೆದವರು ದೊರೆಗಳು ಮಾತ್ರವೆ? ನಾವೂ ಕರೆದೆವು. ನಮ್ಮ ಹಿರಿಯರಾದರೋ ಮೈಸೂರು ಸೀಮೆಯಿಂದ ಮೇಸ್ತ್ರಿಯ ಮುಂಗಡಕ್ಕೆ ಸಿಕ್ಕಿ ಘಟ್ಟ ಹತ್ತಿದವರು. ಮುಂಗಡ ತಿಂದು ಕೆಲಸ ಬಿಟ್ಟವನನ್ನು ಜೈಲಿಗೆ ಕಳುಹಿಸುವ 1859ರ ಕಾನೂನು ಅವರ ತಲೆಯ ಮೇಲೂ ತೂಗುತ್ತಿತ್ತು. ಅದಕ್ಕೂ ಮರ್ಯಾದೆಯ ಹೆಸರೇ: ‘ಕರಾರು ಭಂಗ’. ಇದನ್ನು ಮರೆತು ಮೊದಲು ಬಂದವರು ಆಮೇಲೆ ಬಂದವರನ್ನು ಕೀಳಾಗಿ ಕಾಣುವುದು ಯಾವ ನ್ಯಾಯ?

ಈಗ ಜಾರ್ಖಂಡ್, ಅಸ್ಸಾಂ ಕಡೆಯವರು ತೋಟಗಳಿಗೆ ಬರುತ್ತಿದ್ದಾರೆ. ಕೇರಳ ಸರಕಾರ ಅವರನ್ನು ‘ಅತಿಥಿ ಕಾರ್ಮಿಕರು’ ಎನ್ನುತ್ತದೆ. ಚೆಂದದ ಮಾತು. ಆದರೆ ಅತಿಥಿಯನ್ನು ಯಾರಾದರೂ ಸೋರುವ ಶೆಡ್ಡಿನಲ್ಲಿ ಮಲಗಿಸುತ್ತಾರೆಯೆ? ಲೈನಿನಲ್ಲಿ ಕೋಳಿ ಕಳೆದರೆ ಮೊದಲು ಅತಿಥಿಯ ಗಂಟು ಬಿಚ್ಚಿಸುತ್ತಾರೆಯೆ? ಅತಿಥಿ ಎಂದರೆ ನಾಳೆ ಹೊರಡಬೇಕಾದವನು ಎಂಬ ಅರ್ಥವೂ ಉಂಟು.

‘ಮಾತಾದರೂ ಒಳ್ಳೆಯದಾಯಿತಲ್ಲ’ ಎನ್ನುವವರಿದ್ದಾರೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಅವರು ಓದಲಿ. ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲಬಳಿ ಜಾಗ. ಆ ಸಭೆಯಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ. ಆದರೂ ಅದು ಪಾಪವೆಂದೇ ಯಾಕೋಬನು ತೀರ್ಪು ಕೊಟ್ಟನು.

ಆದ್ದರಿಂದ ಮಾತನ್ನು ಕೇಳಿ ಸುಮ್ಮನಾಗಬೇಡಿರಿ, ಲೆಕ್ಕ ಕೇಳಿರಿ. ಹೊಸಬನ ಹೆಸರು ಚೆಕ್‌ರೋಲಿನಲ್ಲಿ ಇದೆಯೆ? ಅದೇ ಕೆಲಸಕ್ಕೆ ಅದೇ ಕೂಲಿ ಇದೆಯೆ? ಇಲ್ಲವಾದರೆ ನಾಳೆ ಅವನ ಕಡಿಮೆ ಕೂಲಿಯನ್ನು ತೋರಿಸಿಯೇ ನಮ್ಮ ಕೂಲಿಯನ್ನೂ ಇಳಿಸುತ್ತಾರೆ. ನಮ್ಮ ಸಂಘದ ಚೀಟಿ ಅವನಿಗೆ ಸಿಕ್ಕಿದೆಯೆ? ಆದಿತ್ಯವಾರ ಅವನು ಬಾಗಿಲ ಬಳಿ ನಿಂತಿದ್ದರೆ, ನಾವು ಸರಿದು ಬೆಂಚಿನಲ್ಲಿ ಜಾಗ ಕೊಟ್ಟೆವೆ? ಮದುವೆಯ ಪಂಕ್ತಿಗೆ ಕರೆದೆವೆ? ಬೇರೆಯವರ ಬೇಲಿ ಕೀಳುವ ಮೊದಲು ನಮ್ಮ ಅಂಗಳದ್ದನ್ನು ಕೀಳೋಣ.