ರಾಜಕೀಯ ಒಂದು ಬ್ಯಾಡ್ರಿ

ಜಾತ್ರೆಗೆ ನಗೆಹಬ್ಬ ಇಡಬೇಕೆಂದು ನಮ್ಮ ಕಡೆಯ ಊರೊಂದರಲ್ಲಿ ಸಭೆ ಸೇರಿತ್ತು. ಇಟಗಿಯಿಂದ ಬೈಕ್ ಹತ್ತಿ ನಾನೂ ಹೋಗಿದ್ದೆ. ಕರಪತ್ರದ ತಪ್ಪು ತಿದ್ದಲು ಅವರಿಗೊಬ್ಬ ಆಸಾಮಿ ಬೇಕಿತ್ತು. ಗುಡಿಯ ಕಟ್ಟೆ, ಕಾಗದದ ಕಪ್ಪಿನಲ್ಲಿ ಚಹಾ, ನಡುವೆ ಸ್ಪೀಕರ್ ಹಾಕಿಟ್ಟ ಮೊಬೈಲು. ಆ ಕಡೆ ಹಾಸ್ಯ ಭಾಷಣಕಾರರು. ರೊಕ್ಕದ ಮಾತು ಕುದುರಿತು, ಕಾರಿನ ಡೀಸೆಲ್ ಯಾರದೆಂಬುದೂ ಬಗೆಹರಿಯಿತು. ಕೊನೆಗೆ ಸಮಿತಿಯ ಹಿರಿಯರು ಮೊಬೈಲಿನ ಹತ್ತಿರ ಬಾಗಿ ಹೇಳಿದರು: “ಎಲ್ಲಾ ಹೇಳ್ರಿ ಸರ, ರಾಜಕೀಯ ಒಂದು ಬ್ಯಾಡ್ರಿ. ಸಾಹೇಬ್ರು ಮುಂದಿನ ಸಾಲಿನ್ಯಾಗ ಕುಂದರ್ತಾರ. ಪೆಂಡಾಲಿನ ರೊಕ್ಕಾ ಅವರದ.” ಆ ಕಡೆಯವರು ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡಲಿಲ್ಲ: “ಏ, ಅದು ಗೊತ್ತೈತ್ರೀ. ಎಲ್ಲಾ ಊರಾಗೂ ಹಿಂಗ ಹೇಳ್ತಾರ.”

ನಾನು ‘ಹೊಟ್ಟೆ ಹುಣ್ಣಾಗುವಂತೆ’ ಎಂಬಲ್ಲಿನ ಕಾಗುಣಿತ ಸರಿಮಾಡಿ ಮನೆಗೆ ಬಂದೆ.

ಆ ರಾತ್ರಿ ಮತ್ತೆ ನೆನಪಾಗಿದ್ದು ಅಮೆರಿಕದ ಸುದ್ದಿ. ಅಲ್ಲಿನ ಸಿಬಿಎಸ್ ವಾಹಿನಿ 2025ರ ಜುಲೈ 17ರಂದು ತನ್ನ ‘ದಿ ಲೇಟ್ ಶೋ’ 2026ರ ಮೇ ತಿಂಗಳಿಗೆ ಮುಗಿಯುತ್ತದೆ ಎಂದು ಸಾರಿತು. 1993ರಲ್ಲಿ ಡೇವಿಡ್ ಲೆಟರ್‌ಮನ್ ಹಚ್ಚಿದ ದೀಪ, 2015ರಿಂದ ಸ್ಟೀಫನ್ ಕೋಲ್ಬೇರ್ ಕೈಯಲ್ಲಿತ್ತು. ದಿನದ ಸುದ್ದಿಯನ್ನು ರಾತ್ರಿ ಹನ್ನೊಂದೂವರೆಯ ಮೇಲೆ ಹಿಂಜುವ ಕೆಲಸ. ನಿಲ್ಲಿಸಲು ಕಾರಣ ಬರೀ ಹಣಕಾಸು, ಬೇರೇನೂ ಅಲ್ಲ ಎಂದಿತು ವಾಹಿನಿ. ವರ್ಷಕ್ಕೆ 4 ಕೋಟಿ ಡಾಲರ್ ಲುಕ್ಸಾನು ಎಂದು ಪತ್ರಿಕೆಗಳು ಬರೆದವು. ಇರಬಹುದು, ಹುಡುಗರೆಲ್ಲ ಫೋನಿಗೆ ಅಂಟಿಕೊಂಡ ಮೇಲೆ ಮಧ್ಯರಾತ್ರಿಯ ಟಿ.ವಿ.ಗೆ ಜಾಹೀರಾತು ಎಲ್ಲಿಂದ ಬರಬೇಕು? ಆದರೆ ಸುಮಾರು 24 ಲಕ್ಷ ವೀಕ್ಷಕರನ್ನಿಟ್ಟುಕೊಂಡು ಆ ಹೊತ್ತಿನ ಸ್ಪರ್ಧೆಯಲ್ಲಿ ಮೊದಲಿದ್ದದ್ದೂ ಇದೇ ಕಾರ್ಯಕ್ರಮ. ಆ ಜುಲೈ ತಿಂಗಳ ಆರಂಭದಲ್ಲಿ ವಾಹಿನಿಯ ಒಡೆತನದ ಪ್ಯಾರಾಮೌಂಟ್ ಕಂಪನಿ, ಟ್ರಂಪ್ ಹೂಡಿದ್ದ ದಾವೆಯನ್ನು 1.6 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತ್ತು. 14ರಂದು ಕೋಲ್ಬೇರ್ ಅದನ್ನು ತನ್ನ ವೇದಿಕೆಯಿಂದಲೇ ಲಂಚ ಎಂದು ಕರೆದರು. 17ಕ್ಕೆ ಕಾರ್ಯಕ್ರಮಕ್ಕೆ ಮಂಗಳ. 24ಕ್ಕೆ ಪ್ಯಾರಾಮೌಂಟ್–ಸ್ಕೈಡ್ಯಾನ್ಸ್ ವಿಲೀನಕ್ಕೆ ಸರ್ಕಾರಿ ಆಯೋಗದ ಒಪ್ಪಿಗೆ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿ, ನನ್ನ ವ್ಯಾಖ್ಯಾನ ಬೇಕಾಗುವುದಿಲ್ಲ.

ಎರಡು ತಿಂಗಳಲ್ಲಿ ಅಂಥದೇ ರಾತ್ರಿ ಕಾರ್ಯಕ್ರಮದ ಜಿಮ್ಮಿ ಕಿಮ್ಮೆಲ್ ಸರದಿ ಬಂತು. ಎಬಿಸಿ ವಾಹಿನಿ ಸೆಪ್ಟೆಂಬರ್ 17ಕ್ಕೆ ಅವರನ್ನು ಮನೆಯಲ್ಲಿ ಕೂರಿಸಿತು, ಗದ್ದಲ ಎದ್ದ ಮೇಲೆ 23ಕ್ಕೆ ಮರಳಿ ಕರೆಯಿತು. ದೇಶದ ಕಾಲುಭಾಗದಷ್ಟು ಮನೆಗಳಲ್ಲಿ ಸ್ಥಳೀಯ ಕೇಂದ್ರಗಳು ಆ ಕಾರ್ಯಕ್ರಮವನ್ನು ಬಿತ್ತರಿಸಲೇ ಇಲ್ಲ; ಆದರೂ ಅಂದು ನೋಡಿದವರು 62 ಲಕ್ಷ, ಮಾಮೂಲಿನ ಮೂರು ಪಟ್ಟಿಗೂ ಹೆಚ್ಚು. ‘ಜನ ನೋಡುತ್ತಿಲ್ಲ’ ಎಂಬ ಮಾತನ್ನು ಯಾರು, ಯಾವಾಗ, ಯಾಕೆ ಹೇಳುತ್ತಾರೆಂದು ಕೇಳಬೇಕಾಗುವುದು ಇದಕ್ಕೇ.

ನೋಡುಗರನ್ನು ತೂಗುವ ನಮ್ಮ ತಕ್ಕಡಿಯ ಕಥೆ ಇನ್ನೂ ಸೊಗಸು. ಟಿ.ಆರ್.ಪಿ. ಎಂದು ನಾವು ಕರೆಯುವ ಅಂಕಿಯನ್ನು 2015ರಿಂದ ಕೊಡುತ್ತಿರುವುದು ಬಾರ್ಕ್ ಸಂಸ್ಥೆ. 2020ರ ಹೊತ್ತಿಗೆ ದೇಶದಲ್ಲಿ ಟಿ.ವಿ. ಇದ್ದ ಮನೆಗಳು ಸುಮಾರು 21 ಕೋಟಿ; ಅಳೆಯುವ ಪೆಟ್ಟಿಗೆ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ ಸುಮಾರು ನಾಲ್ಕು ಸಾವಿರದ ಎಂಟುನೂರು ಮನೆಗೊಂದು. ನಮ್ಮ ಇಟಗಿ, ಕುಕನೂರು, ಯಲಬುರ್ಗಾದ ಓಣಿಗಳಲ್ಲಿ ಅಂಥ ಪೆಟ್ಟಿಗೆ ಕಂಡವರನ್ನು ನಾನಂತೂ ಭೇಟಿಯಾಗಿಲ್ಲ. ಮಾದರಿ ಸಮೀಕ್ಷೆ ಅಂದರೆ ಹಾಗೇ, ಅಕ್ಕಿ ಬೆಂದಿದೆಯೇ ನೋಡಲು ಒಂದಗುಳು ಸಾಕು ಎನ್ನುತ್ತಾರೆ. ಸರಿ, ಆ ಅಗುಳಿಗೇ ಉಪ್ಪು ಸವರಿದರೆ? ಅದೇ 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ಮಾಡಿದ ಆರೋಪ ಅದು: ಇಂಥ ಚಾನೆಲ್ ಹಚ್ಚಿಡಿ ಎಂದು ಪೆಟ್ಟಿಗೆಯ ಮನೆಯವರಿಗೆ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ. ಸುದ್ದಿವಾಹಿನಿಗಳ ವಾರದ ರೇಟಿಂಗ್ ನಿಂತುಹೋಯಿತು, ಮರಳಿದ್ದು 2022ರಲ್ಲಿ. ಪ್ರಕರಣವನ್ನೇ 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಹಿಂಪಡೆಯಿತು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯದಲ್ಲಿ ತೀರ್ಮಾನವಾಗಲೇ ಇಲ್ಲ. ಇಂಥ ತಕ್ಕಡಿಯನ್ನು ತೋರಿಸಿ ‘ಕನ್ನಡಿಗರಿಗೆ ವಿಡಂಬನೆ ಬೇಡ’ ಎನ್ನುತ್ತಾರೆ.

ಹಾಗೆಂದು, ಕೋಲ್ಬೇರ್ ಸುದ್ದಿ ಓದಿ ‘ನಮ್ಮಲ್ಲೂ ಇದೇ ಹಣೆಬರಹ’ ಎಂದು ನಿಟ್ಟುಸಿರಿಡುವವರ ಮೇಲೂ ನನಗೆ ತಕರಾರಿದೆ. ನಮ್ಮದು ಇದಲ್ಲ. ಅಲ್ಲಿ ಒಂದು ಕುರ್ಚಿ ಇತ್ತು, ಕೂತವನನ್ನು ಎಬ್ಬಿಸಿದರು. ನಮ್ಮ ಮನರಂಜನಾ ವಾಹಿನಿಗಳು ಆ ಕುರ್ಚಿಯನ್ನೇ ಹಾಕಲಿಲ್ಲ. ‘ಮಜಾ ಟಾಕೀಸ್’, ‘ಕಾಮಿಡಿ ಕಿಲಾಡಿಗಳು’, ‘ಗಿಚ್ಚಿ ಗಿಲಿಗಿಲಿ’ — ಇವುಗಳಲ್ಲಿ ಕುಣಿದ, ನಕ್ಕು ನಗಿಸಿದ ಹುಡುಗ ಹುಡುಗಿಯರು ಯಾರಿಗೂ ಕಡಿಮೆಯಿಲ್ಲ. ಕಂಪನಿ ನಾಟಕದ ಹಾಸ್ಯಪಾತ್ರಧಾರಿಗೆ ಇರುತ್ತಿದ್ದ ಚುರುಕು ಅವರ ನಾಲಗೆಯಲ್ಲಿದೆ. ಆ ನಾಲಗೆಗೆ ಕೊಟ್ಟ ಮೇವು ಏನು? ಗಂಡ-ಹೆಂಡತಿ, ದಪ್ಪಗಿರುವವಳು, ಸೀರೆ ಉಟ್ಟ ಗಂಡಸು. ನಾನು ನೋಡಿದಷ್ಟರಲ್ಲಿ ಒಬ್ಬ ಮಂತ್ರಿಯ ಆ ವಾರದ ಎಡವಟ್ಟು ಅಲ್ಲಿ ನಗೆಯಾಗಿದ್ದಿಲ್ಲ. ಬದಲಿಗೆ ನಮ್ಮ ಭಾಷೆಯೇ ನಗೆಯಾಯಿತು. ಕೊಪ್ಪಳದ ಹುಡುಗ “ಹೋಗೂಣ ಬಾರಲೇ” ಎಂದರೆ ಸಾಕು, ಹಿನ್ನೆಲೆಯಲ್ಲಿ ಡಬ್ಬಿ ನಗೆ. ಅವನು ಹೇಳಿದ್ದರಲ್ಲಿ ಹಾಸ್ಯವೇನಿತ್ತು? ಏನಿಲ್ಲ, ಅವನು ಇಲ್ಲಿಯವನು ಅಷ್ಟೇ. ಅಧಿಕಾರಸ್ಥನನ್ನು ನೋಡಿ ನಗುವ ಧೈರ್ಯವಿಲ್ಲದವರು ಬಯಲುಸೀಮೆಯವನನ್ನು ನೋಡಿ ನಕ್ಕರು, ಮತ್ತು ಅದಕ್ಕೆ ಟಿ.ಆರ್.ಪಿ. ಎಂದು ಹೆಸರಿಟ್ಟರು.

ಜನಕ್ಕೆ ಬೇಡವೆಂಬುದು ಹಸಿ ಸುಳ್ಳು. 2019ರ ಮಂಡ್ಯ ಚುನಾವಣೆಯ ಹೊತ್ತಿಗೆ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಪುಟ್ಟ ತುಣುಕು ರಾಜ್ಯದ ಪ್ರತಿ ಫೋನನ್ನೂ ಹೊಕ್ಕು ಬಂತು. ಅದನ್ನು ಬರೆದ ಸಂಭಾಷಣೆಕಾರನಿಲ್ಲ, ನಡೆಸಿದ ವಾಹಿನಿಯಿಲ್ಲ. ಅದಕ್ಕೂ ಹಿಂದೆ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ವನ್ನು ಸಾವಿರಾರು ರಾತ್ರಿ ಆಡಿದರು. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಆಟದಲ್ಲಿ ಸೇರುತ್ತಿತ್ತು, ಬೈಸಿಕೊಂಡ ಮಂತ್ರಿ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದ. ಟಿಕೆಟ್ ಕೊಂಡವನೇ ಯಜಮಾನನಾದ್ದರಿಂದ ಅದು ನಡೆಯಿತು. 1980ರಲ್ಲಿ ಲಂಕೇಶ್ ಪತ್ರಿಕೆ ಜಾಹೀರಾತೇ ಬೇಡವೆಂದು ಹೊರಟು ಮುಖ್ಯಮಂತ್ರಿಗಳನ್ನು ಲೇವಡಿ ಮಾಡಿದ್ದೂ ಓದುಗರ ಚಿಲ್ಲರೆ ಕಾಸಿನ ಮೇಲೆ. ಹರಪನಹಳ್ಳಿಯ ಬೀಚಿ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದೇ ಸರ್ಕಾರಿ ಡೌಲನ್ನು ತಿವಿದವರು. ಅವರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಗಂಗಾವತಿಯ ಪ್ರಾಣೇಶ್, ಯಾವ ಪೆಟ್ಟಿಗೆಯ ಲೆಕ್ಕಕ್ಕೂ ಸಿಗದ ಮೈದಾನಗಳನ್ನು ಬರೀ ಮಾತಿನಿಂದ ತುಂಬಿಸಿ ತೋರಿಸಿದ್ದಾರೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ದೂರ ಹೋಗಬೇಕಿಲ್ಲ, ನಮ್ಮದೇ ಜಿಲ್ಲೆಯ ಮೋರನಾಳಕ್ಕೆ ಹೋದರೆ ಸಾಕು. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಫ್ಲೆಕ್ಸ್ ಕಟ್ಟಿತು. ತೊಗಲುಗೊಂಬೆಯಾಟ ಅಂದರೆ ರಾಮಾಯಣ, ಮಹಾಭಾರತ ಎಂದು ಭಾಷಣಗಳಾದವು. ರಾಮನಿಗಿಂತ ಮೊದಲೇ ಪರದೆಯ ಮೇಲೆ ಬರುವವನೊಬ್ಬನಿದ್ದಾನೆ ಎಂಬುದನ್ನು ಯಾರೂ ಹೇಳಲಿಲ್ಲ. ಬರುವವನು ಕಿಳ್ಳೇಕ್ಯಾತ, ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ಕರ‍್ರಗಿನ ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಲಂಗುಲಗಾಮಿಲ್ಲ. ದೀಪದ ಹಿಂದಿನಿಂದ ಬರುವ ದನಿ ಗೊಂಬೆಯದು, ಗೊಂಬೆಗೇನು ಭಯ? ಬೆಳಗಿನವರೆಗೆ ನಡೆಯುವ ಆಟದಲ್ಲಿ ಕಥೆ ತೂಕಡಿಸಿದಾಗೆಲ್ಲ ಅವನು ಹಾಜರು. ರಾವಣನಿಗೂ ಬಿಡುವುದಿಲ್ಲ, ಆಟ ಕಟ್ಟಿಸಿದ ಗೌಡನಿಗೂ ಬಿಡುವುದಿಲ್ಲ. ನಡುರಾತ್ರಿಯ ವಿಡಂಬನೆ ಅಂದರೆ ಇದು, ನ್ಯೂಯಾರ್ಕಿನಿಂದ ತರಿಸಬೇಕಾದ ಸರಕಲ್ಲ. ನಮ್ಮೂರ ಮಹಾದೇವ ದೇಗುಲವನ್ನು 1112ರಲ್ಲಿ ಕಟ್ಟಿಸಿದ ದಂಡನಾಯಕನ ಹೆಸರು ಶಾಸನದಲ್ಲಿದೆ, ಅವನ ದೊರೆ ವಿಕ್ರಮಾದಿತ್ಯನದೂ ಇದೆ. ಹೊಗಳಿಕೆಗೆ ಕಲ್ಲು ಸಿಗುತ್ತದೆ, ಕುಚೋದ್ಯಕ್ಕೆ ತೊಗಲೇ ಗತಿ. ಆದರೂ ಅದು ಉಳಿದುಬಂದಿದೆ.

ಬೆಂಗಳೂರಿನ ಮಾತಿಗೆ ಬಂದರೆ ಅಲ್ಲಿ ಎಣಿಕೆಯ ನೆಪವೂ ಬೇಕಾಗಲಿಲ್ಲ. 2021ರ ನವೆಂಬರ್ 28ರ ಹಾಸ್ಯಗಾರ ಮುನವ್ವರ್ ಫಾರೂಕಿ ಕಾರ್ಯಕ್ರಮಕ್ಕೆ ಆರುನೂರಕ್ಕೂ ಹೆಚ್ಚು ಟಿಕೆಟ್ ಖರ್ಚಾಗಿದ್ದವು. ಪೊಲೀಸರು ಸಂಘಟಕರಿಗೆ ಕಾಗದ ಬರೆದರು, ಮುಗಿಯಿತು. ಮರುವರ್ಷ ನವೆಂಬರಿನಲ್ಲಿ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್‌ಗೂ ಇದೇ ಗತಿ. ಇವರ ಹಾಸ್ಯ ನನಗೆ ಅಷ್ಟೇನೂ ಹಿಡಿಸುವುದಿಲ್ಲ, ಅದು ಬೇರೆ ಮಾತು. ಕಾಸು ಕೊಟ್ಟು ಕೂರಲು ಹೊರಟವನಿಗೆ ‘ನೀನು ನಗಬೇಡ’ ಎನ್ನಲು ಠಾಣೆಗೆ ಏನು ಹಕ್ಕು? ಇನ್ನು ಠಾಣೆಯನ್ನಷ್ಟೇ ಬೈದರೆ ನಾನೂ ಸುಳ್ಳನಾಗುತ್ತೇನೆ. ನಾವು ಸಭೆ ಸೇರಿದ್ದ ಆ ಗುಡಿಕಟ್ಟೆಯ ಮೇಲೆ ಪೊಲೀಸರಿರಲಿಲ್ಲ, ಟ್ರಂಪ್ ಇರಲಿಲ್ಲ. ಶಾಸಕ ಸಾಹೇಬರೂ ಯಾರಿಗೂ ಫೋನ್ ಮಾಡಿ ಬೆದರಿಸಿರಲಿಲ್ಲ. ಕಪ್ಪು ಹಿಡಿದು ಕೂತಿದ್ದ ಹತ್ತು ಜನ ನಾವೇ, ಯಾರೂ ಕೇಳದ ಮುಚ್ಚಳಿಕೆಯನ್ನು ನಾವಾಗಿಯೇ ಬರೆದುಕೊಟ್ಟೆವು.

ನಗೆಹಬ್ಬ ಚೆನ್ನಾಗಿಯೇ ಆಯಿತು. ಎರಡು ತಾಸು ಅತ್ತೆ-ಸೊಸೆ, ಮೊಬೈಲು, ಮಾಸ್ತರು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಹನ್ನೊಂದರ ಸುಮಾರಿಗೆ ಅವರ ಕಾರುಗಳು ಧೂಳೆಬ್ಬಿಸಿ ಹೋದವು, ಮೈಕಿನವನು ವೈರು ಸುತ್ತತೊಡಗಿದ. ಜನರೇಟರಿನ ಪಕ್ಕ ಮಿರ್ಚಿ ತಿನ್ನುತ್ತ ನಿಂತಿದ್ದ ಭಾಷಣಕಾರರು ಆಗ ಒಂದು ಹೇಳಿದರು — ಮುರಿದ ರಸ್ತೆ, ಅದನ್ನು ಉದ್ಘಾಟಿಸಲು ಬಂದ ಸಾಹೇಬರು, ನಡುವೆ ಕೆಟ್ಟು ನಿಂತ ಅವರದೇ ಕಾರು. ಸುತ್ತ ಇದ್ದ ಏಳೆಂಟು ಮಂದಿ ಬಿದ್ದು ಬಿದ್ದು ನಕ್ಕೆವು. ಸಮಿತಿಯ ಹಿರಿಯರಿಗೆ ಕೆಮ್ಮು ಬಂದು ಬೆನ್ನು ತಟ್ಟಬೇಕಾಯಿತು. ಕಣ್ಣೊರೆಸಿಕೊಂಡು ಅವರು ಸುತ್ತ ಒಮ್ಮೆ ನೋಡಿದರು, ಆಮೇಲೆ ದನಿ ತಗ್ಗಿಸಿ ಅಂದರು: “ಇನ್ನೊಂದು ಹೇಳ್ರಿ ಸರ.”